ಎಡಗಡೆಯ ಮಾತು

ನನ್ನ ಅಜ್ಜಿ ಹೆಲ್ಮಿಗೆ ಫೆಬ್ರುವರಿಯಲ್ಲಿ ಲಕ್ವ ಹೊಡೆದು ಮಾತು ನಿಂತುಹೋಯಿತು. ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಆದರೆ ಬಾಯಿಂದಲ್ಲ.

ಬಾಯಲ್ಲಿ ಉಳಿದದ್ದು ‘ನೋಹ್’ ಎಂಬ ಒಂದೇ ಸದ್ದು. ನಮ್ಮ ಕಡೆಯವರು ಮಾತಿಗೆ ಮೊದಲು ಗಂಟಲು ಸರಿಮಾಡಿಕೊಂಡ ಹಾಗೆ ಅನ್ನುವ ಸದ್ದು ಅದು. ಮಿಕ್ಕಿದ್ದೆಲ್ಲ, ಅಂದರೆ ಅವಳ ತೋಳಗಳು, ಊರವರ ಜಗಳ ತಾಳಲಾರದೆ ಮೋಡವಾಗಿ ಎದ್ದು ಪಕ್ಕದೂರಿಗೆ ಹೊರಟುಹೋದ ಕೆರೆ, ಸೈತಾನನಿಗೇ ಟೋಪಿ ಹಾಕಿದ ಗಿರಣಿಯವನು, ಎಲ್ಲರೂ ಅವಳೊಳಗೆ ಬಾಗಿಲು ಹಾಕಿಕೊಂಡು ಕೂತುಬಿಟ್ಟರು. ನಾನು ಬೆಳೆದದ್ದು ಆ ಕತೆಗಳಲ್ಲೇ. ಅಮ್ಮ ಸಮುದ್ರದಾಚೆ ಹೆಲ್ಸಿಂಕಿಯಲ್ಲಿ ನರ್ಸು. ನನಗೆ ಜಡೆ ಹಾಕಿದ್ದು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಸುಳ್ಳನ್ನು ಚೆಂದವಾಗಿ ಹೇಳಲು ಕಲಿಸಿದ್ದು ಎಲ್ಲ ಅಜ್ಜಿ.

ಅವಳ ಮಾತನ್ನು ಹೊರಗೆ ತಂದವನು ಕಾಲ್ಯು ಮಾವ, ಅಮ್ಮನ ಅಣ್ಣ. ಅಜ್ಜಿ ಮಲಗಿದಂದಿನಿಂದ ಅವನು ರಾಜಧಾನಿ ತಾಲಿನ್ ಬಿಟ್ಟು ಹಾನ್ಯಾ ಗುಡ್ಡದ ಈ ಮನೆಗೇ ಬಂದು, ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಾನೆ. ಮಾತು ಹೋದವರಿಗೆಂದು ಆಸ್ಪತ್ರೆಯಲ್ಲಿ ಒಂದು ಟ್ಯಾಬ್ ಕೊಟ್ಟಿದ್ದರು. ಜಾನಪದ ಸಂಗ್ರಹದವರು ಹತ್ತು ಬೇಸಿಗೆ ನಮ್ಮ ಮುಂದಿನ ಕೋಣೆಯಲ್ಲಿ ಕಾಫಿ ಕುಡಿಯುತ್ತ ರೆಕಾರ್ಡ್ ಮಾಡಿಕೊಂಡಿದ್ದ ಅಜ್ಜಿಯ ನಲವತ್ತು ಗಂಟೆಯ ಮಾತನ್ನು ಮಾವ ಅದಕ್ಕೆ ತುಂಬಿಸಿದ. ಅದು ಸುತ್ತಲಿನವರ ಮಾತು ಕೇಳಿಸಿಕೊಂಡು, ಅಜ್ಜಿ ಈಗ ಏನು ಹೇಳಬಹುದೆಂದು ಊಹಿಸಿ, ಮೂರು ವಾಕ್ಯಗಳನ್ನು ಅಕ್ಕಪಕ್ಕ ಬರೆದು ತೋರಿಸುತ್ತದೆ. ಅಜ್ಜಿ ಎಡಗೈ ಬೆರಳಲ್ಲಿ ಒಂದನ್ನು ಮುಟ್ಟುತ್ತಾಳೆ. ಕೂಡಲೇ ಅವಳದೇ ದನಿ, ನಮ್ಮ ವೊರು ಸೀಮೆಯ ಅದೇ ರಾಗ, ಕೊನೆಯಲ್ಲಿ ಅದೇ ಸಣ್ಣ ಉಸಿರು.

ಮೊದಲ ಸಲ ಕೇಳಿದಾಗ ನಾನು ಅಳುತ್ತ ಅಂಗಳಕ್ಕೆ ಓಡಿದ್ದೆ.

ಪಕ್ಕದ ಮನೆಯ ಲೈನೆ ಅತ್ತೆ ಮಾತ್ರ ಅದನ್ನು ‘ಕ್ರಾಟ್’ ಎಂದು ಕರೆದಳು. ಅಜ್ಜಿಯ ಕತೆಗಳಲ್ಲಿ ಕ್ರಾಟ್ ಅಂದರೆ ಹುಲ್ಲು, ಮುರಿದ ಕುಂಟೆ, ಹಳೇ ಮಡಕೆ ಸೇರಿಸಿ ಮಾಡಿದ ಆಳು. ಮೂರು ತೊಟ್ಟು ರಕ್ತ ಕೊಟ್ಟರೆ ಅದಕ್ಕೆ ಜೀವ ಬರುತ್ತದೆ. ಯಜಮಾನ ಹೇಳಿದ್ದನ್ನೆಲ್ಲ ಮಾಡುತ್ತದೆ, ಹೇಳದ್ದನ್ನೂ ಮಾಡುತ್ತದೆ.

“ಇದಕ್ಕೆ ರಕ್ತ ಎಷ್ಟು ತೊಟ್ಟು ಕೊಟ್ಟೆಯೋ ಕಾಲ್ಯು?” ಎಂದು ಅವಳು ಕೇಳಿದರೆ ಮಾವ, “ರಕ್ತ ಬೇಡ ಅತ್ತೆ, ಚಾರ್ಜರ್ ಸಾಕು,” ಅನ್ನುತ್ತಿದ್ದ.

ಜೂನ್ ಮೊದಲ ವಾರ ಮಾವನಿಂದ ನನಗೊಂದು ಸಂದೇಶ ಬಂತು. ಅಂಗಳದಾಚೆಯ ಹೊಗೆ ಸೌನಾವನ್ನು, ಅಂದರೆ ನಮ್ಮ ಹಬೆಸ್ನಾನದ ಮರದ ಮನೆಯನ್ನು, ಹಳೇ ಕಟ್ಟಡಗಳನ್ನು ಕಾಪಿಡುವ ಕೆರೆಯ ಆಚೆಬದಿಯ ಬಯಲು ಸಂಗ್ರಹಾಲಯದವರು ಕೇಳಿದ್ದಾರಂತೆ. ದಿಮ್ಮಿ ದಿಮ್ಮಿಗೂ ನಂಬರು ಹೊಡೆದು, ಬಿಚ್ಚಿ, ಅಲ್ಲಿ ಹಾಗೇ ಮತ್ತೆ ಕಟ್ಟುತ್ತಾರೆ. ಆ ಜಾಗದಲ್ಲಿ ಅಜ್ಜಿಯ ಗಾಲಿಕುರ್ಚಿ ನೇರ ಒಳಗೆ ಹೋಗುವಂಥ, ಕರೆಂಟಿನ ಹೊಸ ಸೌನಾ ಕಟ್ಟಿಸುತ್ತೇನೆ ಎಂದು ಬರೆದಿದ್ದ. ‘ಅಮ್ಮನ್ನ ಕೇಳಿದೆ. ಕೊಡು, ನನಗಿನ್ನು ಅದು ಬೇಡ ಅಂದಳು.’

ನಾನು ಆಗ ಓದುತ್ತಿರುವ ಊರು ತಾರ್ತುವಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ನದಿಯ ಮೇಲೆ ಬಿದ್ದ ಬೆಳಕು ನೋಡುತ್ತ, ಫೋನು ತೋರಿಸಿದ ಉತ್ತರಗಳಲ್ಲಿ ಮೊದಲನೆಯದನ್ನು ಒತ್ತಿದೆ. ‘ಒಳ್ಳೆ ಯೋಚನೆ!’ ಎಂದು ಹೋಯಿತು. ಬಸ್ಸು ಬಂತು, ಹತ್ತಿದೆ, ಮರೆತೆ.

ನಡುಬೇಸಿಗೆಯ ಜಾನ್ ಹಬ್ಬದ ಬೆಂಕಿ ಆರಿದ ಮಾರನೇ ವಾರ, ಶುಕ್ರವಾರ, ಊರಿಗೆ ಬಂದೆ. ಸೋಮವಾರ ಬೆಳಿಗ್ಗೆ ಸಂಗ್ರಹಾಲಯದವರು ಬರುವುದೆಂದು ಗೊತ್ತಾಗಿತ್ತು. ಸಂಜೆ ಊಟಕ್ಕೆ ಲೈನೆ ಅತ್ತೆಯೂ ಇದ್ದಳು. ಅಜ್ಜಿಯ ತಟ್ಟೆಯಲ್ಲಿ ಸಬ್ಬಸಿಗೆ ಉದುರಿಸಿದ ಹೊಸ ಆಲೂಗಡ್ಡೆ, ಪಕ್ಕದಲ್ಲಿ ಉಪ್ಪುಮೀನು. ಆಲೂಗಡ್ಡೆ ಖಾಲಿಯಾಯಿತು. ಮೀನು ಹಾಗೇ ಉಳಿಯಿತು.

“ಅಜ್ಜಿಗೆ ಮೀನು ಸೇರ್ತಿಲ್ವಾ?” ಎಂದೆ.

“ಸೇರದೆ ಏನು! ಕಾಣಲ್ಲ ಅವಳಿಗೆ.” ಲೈನೆ ಅತ್ತೆ ಮಾತಾಡುತ್ತಲೇ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಅಜ್ಜಿ ಈಗಷ್ಟೇ ಯಾರೋ ಬಡಿಸಿದರೆಂಬಂತೆ ಮೀನನ್ನು ತಿನ್ನತೊಡಗಿದಳು. “ಬಲಗಡೆ ಇರೋದು ಇವಳ ಪಾಲಿಗೆ ಇಲ್ಲ. ಲಕ್ವ ಹೊಡೆದಾಗಿಂದ ಹೀಗೇ. ನಿಮಗೆ ಗೊತ್ತಿರ್ಲಿಲ್ವಾ?”

ಮಾವ ನನ್ನನ್ನು ನೋಡಿದ. ನಾನು ಟ್ಯಾಬನ್ನು ನೋಡಿದೆ. ಅಲ್ಲಿ ಮೂರು ವಾಕ್ಯಗಳಿದ್ದವು. ಅಜ್ಜಿಯ ಬೆರಳು ಎಡಗಡೆಯದರ ಮೇಲೆ ಇಳಿಯಿತು. “ಮೀನು ಚೆನ್ನಾಗಿದೆ, ಉಪ್ಪು ಸ್ವಲ್ಪ ಜಾಸ್ತಿ,” ಎಂದಿತು ಅವಳ ದನಿ.

“ಮಾವ, ಅಜ್ಜಿ ಯಾವತ್ತಾದ್ರೂ ನಡುವಿಂದು ಮುಟ್ಟಿದ್ದಾಳಾ? ಬಲಗಡೇದು?”

ಅವನು ಟ್ಯಾಬ್ ಎತ್ತಿಕೊಂಡು ಅದರ ಹೊಟ್ಟೆಯೊಳಗೆಲ್ಲೋ ಹುಡುಕಿದ. ಏಪ್ರಿಲ್‌ನಿಂದ ಅಂದಿನವರೆಗೆ ಎರಡು ಸಾವಿರ ಚಿಲ್ಲರೆ ಮಾತು. ಎಲ್ಲ ಎಡಗಡೆಯವು.

“ಹೆಚ್ಚು ಸರಿಹೊಂದೋದನ್ನ ಅದು ಎಡಗಡೆ ಇಡುತ್ತೆ,” ಎಂದ, ನಿಧಾನವಾಗಿ. “ಅಂದ್ರೆ ಸರಿಯಾಗೇ ಇಡ್ತಿದೆ ಅಂತಲೂ ಇರಬಹುದು.”

“ತಿರುಗಿಸಿ ನೋಡೋಣ. ಕೊನೇದು ಮೊದಲು ಬರೋ ಹಾಗೆ.”

“ಯಾಕೆ, ಆಟಾನಾ?”

“ತಟ್ಟೆ ತಿರುಗಿಸಿದ್ವಲ್ಲ ಮಾವ, ಹಾಗೇ.”

ಅವನಿಗೆ ಇಷ್ಟವಿರಲಿಲ್ಲ, ಆದರೂ ಮಾಡಿದ. ಅಜ್ಜಿಯ ಮುಂದಿಟ್ಟು, “ಅಮ್ಮಾ, ಕಾಫಿ ಕೊಡ್ಲಾ?” ಎಂದು ಕೇಳಿದ. ಬೆರಳು ಎಡಕ್ಕೇ ಇಳಿಯಿತು.

“ನನ್ನ ಕುದುರೆಗೆ ನಾಲ್ಕೂ ಕಾಲು ಬಿಳಿ,” ಎಂದಿತು ಅಜ್ಜಿಯ ದನಿ.

ಲೈನೆ ಅತ್ತೆ, “ಇವಳಿಗೆ ಕುದುರೆ ಯಾವಾಗ ಇತ್ತು?” ಅಂದದ್ದೇ ತಡ, ಅಜ್ಜಿ ನಕ್ಕಳು. ಭುಜ ಕುಣಿಸಿಕೊಂಡು, ಬಾಯಿಯ ಒಂದೇ ಬದಿಯಿಂದ, ಕಣ್ಣಲ್ಲಿ ನೀರು ಬರುವಷ್ಟು. ಏಪ್ರಿಲ್‌ನಿಂದ ಇಷ್ಟು ದಿನದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

“ನೋಡು, ನಗ್ತಾಳೆ. ಅಂದ್ರೆ ಅವಳಿಗೆ ತಿಳೀತದೆ,” ಎಂದ ಮಾವ ಗೆಲುವಿನಿಂದ.

“ತಿಳೀತದೆ ಅಂತ ನಂಗೂ ಗೊತ್ತು. ಹೇಳ್ತಾ ಇರೋರು ಯಾರು ಅಂತ ಗೊತ್ತಿಲ್ಲ.” ನಾನು ಅಜ್ಜಿಯ ಹತ್ತಿರ ಮೊಣಕಾಲೂರಿ ಕೂತೆ. “ಅಜ್ಜೀ, ಸೌನಾ ಕೊಟ್ಟುಬಿಡೋದಾ?”

ಮೂರು ವಾಕ್ಯ ಬಂದವು. ಬೆರಳು ಎಡಕ್ಕೆ ಹೋಯಿತು.

“ಬೇಡ. ಅದು ನನ್ನ ತಾಯಿಯ ಸೌನಾ. ಅಲ್ಲೇ ಇರಲಿ.”

ಅದೇ ದನಿ. ಕೊನೆಯಲ್ಲಿ ಅದೇ ಸಣ್ಣ ಉಸಿರು. ಜೂನ್ ಮೊದಲ ವಾರ ‘ಕೊಡು’ ಎಂದದ್ದೂ ಇದೇ ಉಸಿರಿನಲ್ಲಿರಬೇಕು.

ಮಾವ ಕುರ್ಚಿ ಹಿಂದೆ ತಳ್ಳಿ ಎದ್ದ. ನಾನು ಅವನ ಹಿಂದೆಯೇ ಅಂಗಳಕ್ಕೆ ಹೋದೆ. ರಾತ್ರಿ ಒಂಬತ್ತಾಗಿದ್ದರೂ ಬೇಸಿಗೆಯ ಬಿಸಿಲು ಇನ್ನೂ ಸೇಬಿನ ಮರದ ಮೇಲೇ ಇತ್ತು.

“ಸೋಮವಾರ ಬರಬೇಡಿ ಅಂತ ಹೇಳು ಮಾವ.”

“ಏನಂತ ಹೇಳ್ಲಿ? ನಮ್ಮಮ್ಮ ಹೂಂ ಅಂದಿದ್ದೂ ಅವಳಲ್ಲ, ಊಹೂಂ ಅಂದಿದ್ದೂ ಅವಳಲ್ಲ ಅಂತಲಾ? ನೀನೂ ‘ಒಳ್ಳೆ ಯೋಚನೆ’ ಅಂತ ಬರೆದಿದ್ದೆ. ಅದು ನೀನಾ?”

ನನಗೆ ಬಸ್‌ಸ್ಟಾಪು, ನದಿಯ ಬೆಳಕು, ಬೆರಳು, ಎಲ್ಲ ನೆನಪಾಗಿ ಮುಖ ಬಿಸಿಯಾಯಿತು. ನನಗೆ ಬಲಗಡೆ ಚೆನ್ನಾಗೇ ಕಾಣುತ್ತದೆ. ಆದರೂ ಎರಡನೆಯದನ್ನು, ಮೂರನೆಯದನ್ನು ನಾನು ಓದಿರಲಿಲ್ಲ.

“ಇನ್ನೊಂದು ಮಾತು ಇದೆ,” ಎಂದ ಮಾವ, ಬಾವಿಕಟ್ಟೆಯ ಮೇಲೆ ಕೂತು. “ಅಪ್ಪ ಸತ್ತಾಗ ನಾನು ಮಣ್ಣಿಗೆ ಬರ್ಲಿಲ್ಲ. ನಿಂಗೆ ಗೊತ್ತು. ಹದಿನಾರು ವರ್ಷ ಅಮ್ಮ ಅದರ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಮೇ ತಿಂಗಳಲ್ಲಿ ನಾನೇ ಕೇಳಿದೆ. ‘ಅದೆಲ್ಲ ಹೋಯ್ತು ಮಗನೇ, ನೀನು ಈಗ ಬಂದೆಯಲ್ಲ’ ಅಂದ್ಲು. ಎಡಗಡೇದು. ಈಗ ನೀನು ಬಂದು ತಟ್ಟೆ ತಿರುಗಿಸು ಅಂತೀಯ.”

ಆಗ ನನ್ನ ಫೋನು ಮೂರು ಉತ್ತರ ತೋರಿಸಿದ್ದರೆ ನಾನು ಒಂದನ್ನು ಒತ್ತಿಬಿಡುತ್ತಿದ್ದೆನೇನೋ.

“ನಾಳೆ ಶನಿವಾರ. ಸೌನಾ ಕಾಯಿಸ್ತೀನಿ,” ಎಂದೆ ಕೊನೆಗೆ. “ಅಲ್ಲಿಗೆ ಟ್ಯಾಬ್ ತರಕ್ಕಾಗಲ್ಲ. ಶಾಖಕ್ಕೆ ಸತ್ತೇಹೋಗುತ್ತೆ. ಅಲ್ಲಿ ಕೇಳ್ತೀನಿ.”

“ಅವಳು ಹ್ಯಾಗೆ ಹೇಳ್ತಾಳೆ?”

“ಗೊತ್ತಿಲ್ಲ.”

“ನೋಹ್,” ಎಂದ ಮಾವ, ಥೇಟ್ ಅಜ್ಜಿಯ ಹಾಗೆ.

ನಮ್ಮ ಸೌನಾಕ್ಕೆ ಚಿಮಣಿ ಇಲ್ಲ. ಬೆಳಿಗ್ಗೆ ಕಲ್ಲಿನ ಗುಡ್ಡೆಯ ಕೆಳಗೆ ಆಲ್ಡರ್ ಸೌದೆ ಉರಿ ಹಾಕಿದರೆ ಹೊಗೆ ಇಡೀ ಕೋಣೆ ತುಂಬಿ, ಬಾಗಿಲಿನಿಂದ ತಲೆಬಾಗಿ ಹೊರಬೀಳುತ್ತದೆ. ಗೋಡೆಯ ದಿಮ್ಮಿಗಳು ನೂರು ವರ್ಷದ ಮಸಿಯಲ್ಲಿ ಕಪ್ಪು ರೇಷ್ಮೆಯಂತಾಗಿವೆ. ಅಜ್ಜಿಯ ತಾಯಿ ಅಜ್ಜಿಯನ್ನು ಹೆತ್ತದ್ದು ಇದೇ ಮೇಲಿನ ಹಲಗೆಯ ಮೇಲೆ. ಒಳಗೆ ಯಾರೂ ಜಗಳ ಆಡುವಂತಿಲ್ಲ, ಸುಳ್ಳು ಹೇಳುವಂತಿಲ್ಲ. ಹೋಗುವಾಗ ಸೌನಾಕ್ಕೆ ನಮಸ್ಕಾರ ಹೇಳಬೇಕು. ಎಲ್ಲರ ಸ್ನಾನ ಮುಗಿದ ಮೇಲೆ ಒಂದು ಬಕೆಟ್ ಬಿಸಿನೀರು, ಅದರ ಮೇಲೊಂದು, ಮೀಯುವಾಗ ಮೈಗೆ ಬಡಿದುಕೊಳ್ಳುವ ಬರ್ಚ್ ಮರದ ಸೊಪ್ಪಿನ ಕಟ್ಟು ಬಿಟ್ಟುಬರಬೇಕು. ಮನೆಯ ಸತ್ತವರು ಕೊನೆಯಲ್ಲಿ ಮೀಯಲು ಬರುತ್ತಾರೆ.

ಅಜ್ಜಿಯ ಕೆಲವು ಕತೆಗಳು ಈ ಕತ್ತಲೆಗೇ ಮೀಸಲು. ಜಾನಪದ ಸಂಗ್ರಹದವರು ಎಷ್ಟು ಕಾಫಿ ಕುಡಿದರೂ ಅವನ್ನು ಮುಂದಿನ ಕೋಣೆಯಲ್ಲಿ ಅವಳು ಹೇಳಲಿಲ್ಲ. ಹಾಗಾಗಿ ಟ್ಯಾಬಿಗೂ ಅವು ಗೊತ್ತಿಲ್ಲ. ಅದರಲ್ಲೊಂದು ಅಜ್ಜಿಯ ದೊಡ್ಡಮ್ಮನದು. ಯುದ್ಧದಲ್ಲಿ ಆಕೆಯ ಸೌನಾ ಸುಟ್ಟುಹೋಯಿತು. ಸತ್ತವರಿಗೆ ಯಾರೂ ಹೇಳಿರಲಿಲ್ಲ. ಪ್ರತಿ ಶನಿವಾರ ಆ ಬೂದಿಯ ಮೇಲೆ ಬೆಳೆದ ತುರಿಕೆ ಸೊಪ್ಪೆಲ್ಲ ಯಾರೋ ಸಾಲಾಗಿ ಕೂತೆದ್ದ ಹಾಗೆ ಮಲಗಿರುತ್ತಿತ್ತಂತೆ. “ಸೌನಾ ಬಿಡೋದಾದ್ರೆ ಅವರನ್ನ ಕರೆಯಬೇಕು ಮಗಾ,” ಎನ್ನುತ್ತಿದ್ದಳು ಅಜ್ಜಿ, ನನ್ನ ಬೆನ್ನಿಗೆ ಸೊಪ್ಪು ಬಡಿಯುತ್ತ. “ಕೊನೇ ದಿನ ಅವರ ಸೊಪ್ಪಿನ ಕಟ್ಟನ್ನ ಮನೆಯ ಹೆಂಗಸು ತಾನೇ ಹೊಸ್ತಿಲು ದಾಟಿಸಬೇಕು. ತಿರುಗಿ ನೋಡಬಾರದು. ಎಲೆ ವಾಸನೆ ಹಿಡಿದು ಹಿಂದೇ ಬರ್ತಾರೆ.” ನನಗೆ ಆಗ ಏಳು ವರ್ಷ. ಆಮೇಲೆ ಆ ಕತೆಯನ್ನು ನಾನು ಯಾರ ಬಾಯಲ್ಲೂ ಕೇಳಲಿಲ್ಲ.

ಶನಿವಾರ ಬೆಳಿಗ್ಗೆಯಿಂದ ಆರು ಗಂಟೆ ಕಾಲ ಉರಿ ಹಾಕಿದೆ. ಕೆಂಡ ಆರಿತು, ಹಲಗೆ ತೊಳೆದೆ, ಕಲ್ಲಿಗೆ ಒಂದು ಸೌಟು ನೀರು ಚೆಲ್ಲಿ ಬಾಗಿಲು ಮುಚ್ಚಿದೆ. ಇನ್ನೊಂದು ಗಂಟೆ ಹಾಗೇ ಬಿಡಬೇಕಿತ್ತು. ನನಗೆ ತಾಳ್ಮೆ ಇರಲಿಲ್ಲ. ಮಾವನನ್ನು ಕರೆದೆ; ಅವನು ಅಜ್ಜಿಯನ್ನು ಎತ್ತಿ ತಂದು ಹೊಸ್ತಿಲ ಹತ್ತಿರ ಇಳಿಸಿದ.

ಅಜ್ಜಿ ಮೂಗರಳಿಸಿದಳು. ಎಡಗೈಯಿಂದ ಬಾಗಿಲ ಚೌಕಟ್ಟು ಹಿಡಿದು, “ನೋಹ್!” ಎಂದಳು. ನಾನು ಒಳಗೆಳೆದರೂ ಅವಳು ಜಗ್ಗಲಿಲ್ಲ.

“ಬಿಡೇ ಹುಡುಗಿ,” ಎಂದಳು ಲೈನೆ ಅತ್ತೆ, ಟವೆಲ್ ಹೆಗಲಿಗೆ ಹಾಕಿಕೊಂಡು ಬರುತ್ತ. “ಹೊಗೆ ಇನ್ನೂ ಕಹಿ ಇದೆ. ತಾರ್ತುವಿನ ಓದು ನಮ್ಮಿಬ್ಬರನ್ನೂ ತಲೆನೋವು ಬರಿಸಿ ಸಾಯಿಸುತ್ತೆ.”

ಹೊರಗಿನ ಬೆಂಚಿನ ಮೇಲೆ ಒಂದು ಗಂಟೆ ಕೂತೆವು. ಅಜ್ಜಿಗೆ ಮಾತಾಡಲು ಮೂರು ವಾಕ್ಯ ಯಾರೂ ಕೊಡಲಿಲ್ಲ. ಹಕ್ಕಿ ಹಾರಿದರೆ ‘ನೋಹ್’, ಲೈನೆ ಅತ್ತೆ ತನ್ನ ಅಳಿಯನನ್ನು ಬೈದರೆ ‘ನೋಹ್’. ಏಪ್ರಿಲ್‌ಗೆ ಮುಂಚೆ ನಾವೆಲ್ಲ ಅವಳ ಮುಖ ನೋಡುತ್ತ ಕೂತಿರುತ್ತಿದ್ದೆವು ಎಂದು ಆಗ ನೆನಪಾಯಿತು. ಟ್ಯಾಬ್ ಬಂದ ಮೇಲೆ ಟ್ಯಾಬನ್ನೇ ನೋಡುತ್ತಿದ್ದೆವು.

ಆಮೇಲೆ ಒಳಗೆ ಹೋದೆವು. ಕತ್ತಲು ಮೈಗೆ ಮೆತ್ತಿಕೊಂಡಿತು. ಅಜ್ಜಿಯನ್ನು ಕೆಳಗಿನ ಹಲಗೆಯ ಮೇಲೆ ಕೂರಿಸಿ ಕಲ್ಲಿಗೆ ನೀರು ಚೆಲ್ಲಿದೆ. ಹಬೆ ಮೆಲ್ಲಗೆ, ಯಾರೋ ದೊಡ್ಡವರು ಪಕ್ಕಕ್ಕೆ ಬಂದು ಕೂತ ಹಾಗೆ, ಇಳಿಯಿತು. ಅವಳ ಬೆನ್ನಿಗೆ ಸೊಪ್ಪು ಬಡಿದೆ. ಬರ್ಚ್ ಎಲೆಯ ಘಮ ತುಂಬಿತು.

“ಅಜ್ಜೀ, ಇದನ್ನ ಕೊಟ್ಟುಬಿಡೋದಾ?” ಎಂದೆ.

ಅವಳ ಎಡಗೈಯನ್ನು ನನ್ನ ಕೈಯಲ್ಲಿ ಹಿಡಿದೆ.

“ಬೇಡ ಅಂದ್ರೆ ನನ್ನ ಕೈ ಅದುಮು. ಹೂಂ ಅಂದ್ರೆ ಸುಮ್ಮನಿರು.” ಅವಳು ಸುಮ್ಮನಿದ್ದಳು. ನನಗೆ ಭಯವಾಗಿ ತಿರುಗಿಸಿ ಕೇಳಿದೆ. “ಹೂಂ ಅಂದ್ರೆ ಅದುಮು. ಬೇಡ ಅಂದ್ರೆ ಸುಮ್ಮನಿರು.” ಆಗಲೂ ಸುಮ್ಮನಿದ್ದಳು.

“ನೀನೂ ಆ ಕ್ರಾಟ್ ಥರಾನೇ ಆದೆಯಲ್ಲೇ,” ಎಂದಳು ಲೈನೆ ಅತ್ತೆ ಮೇಲಿನ ಹಲಗೆಯಿಂದ. “ಅವಳಿಗೆ ಬೆನ್ನು ತಿಕ್ಕು. ಸ್ನಾನಕ್ಕೆ ಬಂದವಳು ಅವಳು, ಪರೀಕ್ಷೆಗಲ್ಲ.”

ತಿಕ್ಕಿದೆ. ಅವಳ ಬೆನ್ನಿನ ಮೂಳೆಗಳು ಒಂದೊಂದೂ ಕೈಗೆ ಸಿಕ್ಕವು. ಅಳು ಬಂತು, ಬೆವರಿನಲ್ಲಿ ಅದು ಯಾರಿಗೂ ಕಾಣುವಂತಿರಲಿಲ್ಲ.

ಮುಗಿದ ಮೇಲೆ ವಾಡಿಕೆಯಂತೆ ಬಕೆಟ್‌ಗೆ ಬಿಸಿನೀರು ತುಂಬಿಸಿ, ಮೇಲೆ ಹೊಸ ಸೊಪ್ಪಿನ ಕಟ್ಟು ಇಟ್ಟೆ. ಅಜ್ಜಿ ಕೈ ಚಾಚಿ ಆ ಕಟ್ಟನ್ನು ತೆಗೆದುಕೊಂಡಳು. ಮರೆತಿರಬೇಕೆಂದು ಮೆಲ್ಲಗೆ ಬಿಡಿಸಿ ಮತ್ತೆ ಬಕೆಟ್ ಮೇಲಿಟ್ಟೆ. ಅವಳು ಮತ್ತೆ ತೆಗೆದುಕೊಂಡು, ಒದ್ದೆ ಎಲೆಗಳಿಂದ ನನ್ನ ಕೈಗೆ ಫಟ್ಟನೆ ಒಂದೇಟು ಹಾಕಿದಳು. ಚಿಕ್ಕಂದಿನಲ್ಲಿ ಹಾಕುತ್ತಿದ್ದ ಅದೇ ಏಟು. ಆಮೇಲೆ ಬಾಗಿಲ ಕಡೆ ಗಲ್ಲ ತೋರಿಸಿದಳು.

ನಾನು ಅವಳ ಸೊಂಟ ಹಿಡಿದು ಎಬ್ಬಿಸಿದೆ. ಕಟ್ಟನ್ನು ಎದೆಗೆ ಒತ್ತಿಕೊಂಡು, ಕಾಲೆಳೆಯುತ್ತ, ತಾನೇ ಹೊಸ್ತಿಲು ದಾಟಿದಳು. ಹಿಂದಿನಿಂದ ಲೈನೆ ಅತ್ತೆ ಕೂಗಿದಳು: “ಹೆಲ್ಮೀ, ನಿನ್ನ ಸೋಪು ಬಿಟ್ಟುಹೋದೆ! ಏ ಹೆಲ್ಮೀ!”

ಲೈನೆ ಅತ್ತೆಗೆ ಆ ಕತೆ ಗೊತ್ತಿಲ್ಲ. ಅಜ್ಜಿ ತಿರುಗಲಿಲ್ಲ. ಕತ್ತು ಬಿಗಿದುಕೊಂಡು, ನನ್ನ ಆಸರೆಯಲ್ಲಿ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಸೇಬಿನ ಮರದವರೆಗೆ ನಡೆದು, ಕೆಳಗಿನ ಕೊಂಬೆಗೆ ಕಟ್ಟನ್ನು ಸಿಕ್ಕಿಸಿದಳು. ಮೈಯಿಂದ ಹಬೆ ಏಳುತ್ತಿತ್ತು. ನನಗೆ ಹಿಂದೆ ಹಲವರು ಬಂದು ನಿಂತ ಹಾಗೆ ಅನ್ನಿಸಿತು, ಆದರೆ ನಾನೂ ತಿರುಗಲಿಲ್ಲ.

ಅಜ್ಜಿಯನ್ನು ಮಾವ ಒಳಗೆ ಕರೆದೊಯ್ದ ಮೇಲೆ ನಾನು ಲೈನೆ ಅತ್ತೆಗೆ ಆ ಕತೆ ಹೇಳಿದೆ. ಸೌನಾದಾಚೆ ಅದನ್ನು ಹೇಳಿದ್ದು ಬಹುಶಃ ನಾನೇ ಮೊದಲು.

“ಹಂಗಾದ್ರೆ ಮುಗೀತಲ್ಲ. ಕೊಡ್ತಾಳೆ,” ಎಂದಳು ಅವಳು.

“ಆದ್ರೆ ಅತ್ತೆ, ಮೂರು ವಾರದಿಂದ ಮಾವ ಬಂದೋರಿಗೆಲ್ಲ ಅದನ್ನ ಕೇಳಿಸಿದ್ದಾನೆ. ‘ಕೊಡು, ನನಗಿನ್ನು ಅದು ಬೇಡ.’ ಅವಳ ಕಿವಿಗೆ ಅವಳದೇ ದನಿ. ದಿನಾ ಕೇಳಿ ಕೇಳಿ, ತಾನೇ ಅಂದಿದ್ದು ಅನ್ಕೊಂಡಳೋ ಏನೋ? ಅಥವಾ ಅದು ಮೊದಲೇ ಅವಳ ಮನಸ್ಸಲ್ಲಿ ಇದ್ದಿದ್ದನ್ನೇ ಸರಿಯಾಗಿ ಊಹಿಸಿತೋ?”

ಲೈನೆ ಅತ್ತೆ ಕೂದಲು ಹಿಂಡುತ್ತ ಯೋಚಿಸಿದಳು. “ನಾನು ಐವತ್ತೆರಡು ವರ್ಷ ಗಂಡನ ಮಾತು ಕೇಳಿದೆ. ಈಗ ನಾನು ಆಡೋದ್ರಲ್ಲಿ ಅರ್ಧ ಅವನದು. ಅವನು ಸತ್ತು ಎಂಟು ವರ್ಷ ಆಯ್ತು. ಯಾರ ಮಾತು ಅಂತ ಎಲ್ಲಿ ಹೋಗಿ ವಿಚಾರಿಸ್ಲಿ?”

“ಅದೂ ಇದೂ ಒಂದೇನಾ?”

“ನಂಗೇನು ಗೊತ್ತೇ, ಮಾರಾಯ್ತಿ? ನನ್ನ ಗಂಡ ಗೊರಕೆ ಹೊಡೀತಿದ್ದ. ಇದು ಹೊಡೆಯಲ್ಲ.”

ಭಾನುವಾರ ಮಾವನಿಗೂ ಹೇಳಿದೆ. ಅವನು ಸೇಬಿನ ಮರದ ಕಡೆ ನೋಡಿದ. ಟ್ಯಾಬಿನ ವಾಕ್ಯಗಳ ಕ್ರಮವನ್ನು ಅವನು ಶುಕ್ರವಾರವೇ ಮೊದಲಿನಂತೆ ಮಾಡಿಬಿಟ್ಟಿದ್ದ. ಮತ್ತೆ ಕೇಳಲೇ ಎಂದು ನಾನು ಅನ್ನಲಿಲ್ಲ, ಅವನೂ ಅನ್ನಲಿಲ್ಲ. “ನಿನ್ನ ಮಾತನ್ನೂ ಈಗಿಂದಲೇ ಎಲ್ಲಾದ್ರೂ ತುಂಬಿಸಿಡು,” ಎಂದ ಕೊನೆಗೆ. “ನಾಳೆ ನಮಗೂ ಇದೇ.” ತಮಾಷೆಗೆ ಅಂದನೋ ನಿಜವಾಗಿಯೋ ತಿಳಿಯಲಿಲ್ಲ. ಏನು ತುಂಬಿಸಲಿ? ಯಾವ ಬಸ್‌ಸ್ಟಾಪಿನಲ್ಲಿ ಯಾವುದನ್ನು ನಾನೇ ಹೇಳಿದೆ, ಯಾವುದು ಬೆರಳಿಗೆ ಹತ್ತಿರವಿತ್ತು ಎಂದು ಕೂತು ಎಣಿಸಲು ಹೋದರೆ ಎಲ್ಲ ಕಲಸಿಹೋಗುತ್ತಿತ್ತು.

ಸೋಮವಾರ ಎಂಟಕ್ಕೆ ಸಂಗ್ರಹಾಲಯದ ಇಬ್ಬರು ಬಂದರು. ತಗಡಿನ ಚಿಕ್ಕ ಚಿಕ್ಕ ಬಿಲ್ಲೆಗಳು, ಸುತ್ತಿಗೆ. ಬಾಗಿಲ ಪಕ್ಕದ ದಿಮ್ಮಿಗೆ ನಂಬರು ಒಂದು, ಅದರ ಮೇಲಿನದಕ್ಕೆ ನಂಬರು ಎರಡು. ಅಜ್ಜಿಯನ್ನು ಕಿಟಕಿಯ ಹತ್ತಿರ ಕೂರಿಸಿ, ಟ್ಯಾಬನ್ನು ತೊಡೆಯ ಮೇಲಿಟ್ಟಿದ್ದೆವು. ಸುತ್ತಿಗೆಯ ಸದ್ದಿಗೆ ಅವಳು ಬೆಚ್ಚಲಿಲ್ಲ. ಸೊಪ್ಪಿನ ಕಟ್ಟು ಮರದಲ್ಲಿ ಒಣಗುತ್ತಿತ್ತು.

ಟ್ಯಾಬಿನಲ್ಲಿ ಮೂರು ವಾಕ್ಯ ಮೂಡಿದವು. ಎಡಗಡೆ, ‘ಹುಷಾರಾಗಿ ಬಿಚ್ಚಿ, ಅದು ಹಳೇ ಮರ.’ ನಡುವೆ, ‘ನನ್ನ ತಾಯಿ ನನ್ನನ್ನು ಹೆತ್ತದ್ದು ಅಲ್ಲಿ.’ ಈ ಸಲ ನಾನು ಮೂರನ್ನೂ ಓದಿದೆ.

ಅಜ್ಜಿಯ ಕೈ ಎದ್ದಿತು. ಎಡಗಡೆಯದನ್ನು ದಾಟಿತು. ನಡುವಿನದನ್ನೂ ದಾಟಿ, ಅವಳ ಪಾಲಿಗೆ ಏನೂ ಇಲ್ಲದ ಆ ಅಂಚಿಗೆ ಹೋಗಿ, ಬಿತ್ತು.

“ಆ ಇಬ್ಬರಿಗೂ ಕಾಫಿ ಕೊಡೇ,” ಎಂದಿತು ಅವಳ ದನಿ.

ಮಾವ ನನ್ನನ್ನು ನೋಡಿದ. ಕೈ ಜಾರಿತೋ, ಕತ್ತು ಆ ಕಡೆ ಹೊರಳಿತ್ತೋ, ನಾನು ಸರಿಯಾಗಿ ನೋಡಿರಲಿಲ್ಲ, ಅಕ್ಷರ ಓದುತ್ತಿದ್ದೆ.

“ಅಜ್ಜೀ?” ಎಂದೆ.

“ನೋಹ್,” ಎಂದಳು ಅಜ್ಜಿ, ಇನ್ನೂ ಏಳದೆ ಏನು ನೋಡುತ್ತ ಕೂತಿದ್ದೀಯೆ ಎಂಬ ಹಾಗೆ. ಎದ್ದು ಹೋಗಿ ಕಾಫಿಗೆ ನೀರಿಟ್ಟೆ.